ಕೀಲಿಮಣೆಯ ಸ್ತಂಭನ ಮತ್ತು ಪಾಠದೋಷ: ಹಳೆಯ ತಂತ್ರಾಂಶಗಳಲ್ಲಿ ಕಾರಣಶೋಧನೆಯ ಒಂದು ಕ್ರಮ

1. ಪ್ರಸ್ತಾವನೆ

ಕನ್ನಡ ಗ್ರಂಥಸಂಪಾದನಾ ಕ್ಷೇತ್ರದಲ್ಲಿ ಲಿಪಿಕಾರರ ದೋಷಗಳನ್ನು ಕುರಿತು ವಿಸ್ತಾರವಾದ ಚರ್ಚೆ ನಡೆದಿದೆ. ಕಣ್ತಪ್ಪಿನಿಂದ ಆಗುವ ಅಕ್ಷರಲೋಪ, ಒಂದೇ ಪದವನ್ನು ಎರಡು ಬಾರಿ ಬರೆಯುವ ಪುನರಾವೃತ್ತಿ, ರೂಪಸಾಮ್ಯದಿಂದ ಒಂದು ಅಕ್ಷರದ ಸ್ಥಾನದಲ್ಲಿ ಇನ್ನೊಂದು ಬರುವ ವ್ಯತ್ಯಯ ಇವೇ ಮೊದಲಾದವುಗಳನ್ನು ನಮ್ಮ ಸಂಪಾದಕರು ಗುರುತಿಸಿ ವರ್ಗೀಕರಿಸಿದ್ದಾರೆ. ಆದರೆ ಓಲೆಗರಿಯ ಪಾಠವನ್ನು ಗಣಕಯಂತ್ರಕ್ಕೆ ಏರಿಸುವಾಗ ಹುಟ್ಟುವ ದೋಷಗಳನ್ನು ಇಷ್ಟೇ ಶ್ರದ್ಧೆಯಿಂದ ಪರಿಶೀಲಿಸಿದ್ದು ಕಡಿಮೆ. ಅಂಥವನ್ನು 'ಅಚ್ಚಿನ ತಪ್ಪು' ಎಂಬ ಒಂದೇ ಹೆಸರಿನಲ್ಲಿ ಸೇರಿಸಿ ಬಿಡುವುದು ವಾಡಿಕೆ.

ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ, ಹಸ್ತಪ್ರತಿ ಸಂಗ್ರಹಾಲಯಗಳಲ್ಲಿ, ಸಣ್ಣ ಮುದ್ರಣಾಲಯಗಳಲ್ಲಿ ಹಳೆಯ ತಂತ್ರಾಂಶಗಳು ಇಂದಿಗೂ ಬಳಕೆಯಲ್ಲಿವೆ. ಅವುಗಳಲ್ಲಿ ಕೆಲಸ ಮಾಡುವವರಿಗೆ ಒಂದು ಅನುಭವ ಸಾಮಾನ್ಯ. ಬೆರಳಚ್ಚು ಮಾಡುತ್ತಿರುವಾಗ ಕೀಲಿಮಣೆ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಕೆಲವು ಕ್ಷಣಗಳ ನಂತರ ತಾನಾಗಿ ಸರಿಹೋಗುತ್ತದೆ, ಇಲ್ಲವೇ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಬೇಕಾಗುತ್ತದೆ. ಯಾವಾಗಲೂ ಆಗುವುದಿಲ್ಲ, ದುರಸ್ತಿಯವರು ಬಂದು ನೋಡಿದಾಗ ಆಗುವುದೇ ಇಲ್ಲ. 'ಹ್ಯಾಂಗ್ ಆಯಿತು' ಎಂದು ಹೇಳಿ ಕೆಲಸ ಮುಂದುವರಿಸುತ್ತೇವೆ. ಆ ಕೆಲವು ಕ್ಷಣಗಳಲ್ಲಿ ಪಾಠಕ್ಕೆ ಏನಾಯಿತು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಈ ಬಿಟ್ಟು ಬಿಟ್ಟು ಬರುವ ಸ್ತಂಭನಕ್ಕೆ ಕಾರಣಗಳೇನು, ಅವನ್ನು ಕ್ರಮವಾಗಿ ಕಂಡುಹಿಡಿಯುವುದು ಹೇಗೆ, ಅದರಿಂದ ಕೆಟ್ಟ ಪಾಠವನ್ನು ಗುರುತಿಸುವ ಬಗೆ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಪ್ರಯತ್ನಿಸಲಾಗಿದೆ. ಲೇಖಕನು ಗಣಕವಿಜ್ಞಾನದ ವಿದ್ಯಾರ್ಥಿಯಲ್ಲ. ಸಂಶೋಧನೆಯ ಕೆಲಸದಲ್ಲಿ ಎದುರಾದ ತೊಡಕೇ ಈ ವಿಚಾರಕ್ಕೆ ಪ್ರೇರಣೆ.

2. ಕೀಲಿಯಿಂದ ಅಕ್ಷರದವರೆಗೆ

ಕೀಲಿಯನ್ನು ಒತ್ತಿದ ಕೂಡಲೇ ಪರದೆಯ ಮೇಲೆ ಅಕ್ಷರ ಮೂಡುತ್ತದೆ ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಇವೆರಡರ ನಡುವೆ ಹಲವು ಹಂತಗಳಿವೆ. ಕೀಲಿಮಣೆಯು ಅಕ್ಷರವನ್ನು ಕಳುಹಿಸುವುದಿಲ್ಲ; ಯಾವ ಕೀಲಿ ಒತ್ತಲ್ಪಟ್ಟಿತು, ಯಾವುದು ಬಿಡಲ್ಪಟ್ಟಿತು ಎಂಬ ಸಂಕೇತಗಳನ್ನಷ್ಟೇ ಕಳುಹಿಸುತ್ತದೆ. ಒತ್ತಿದ್ದಕ್ಕೆ ಒಂದು ಸಂಕೇತ, ಬಿಟ್ಟಿದ್ದಕ್ಕೆ ಇನ್ನೊಂದು. ಶಿಫ್ಟ್ ಕೀಲಿಗೂ ಇದೇ ನಿಯಮ.

ಡಾಸ್ ಕಾಲದ ಯಂತ್ರಗಳಲ್ಲಿ ಈ ಸಂಕೇತಗಳು 32 ಬೈಟುಗಳ ಒಂದು ಪುಟ್ಟ ಸಂಗ್ರಹಕ್ಕೆ ಸೇರುತ್ತಿದ್ದವು. ಅದರಲ್ಲಿ ಏಕಕಾಲಕ್ಕೆ 15 ಕೀಲಿಗಳ ಮಾಹಿತಿ ಮಾತ್ರ ಉಳಿಯಬಲ್ಲದು. ತಂತ್ರಾಂಶವು ಬೇರೆ ಕೆಲಸದಲ್ಲಿ ತೊಡಗಿ ಸಂಗ್ರಹವನ್ನು ಬರಿದು ಮಾಡದಿದ್ದರೆ ಹದಿನಾರನೆಯ ಕೀಲಿಗೆ ಸ್ಥಳವಿರುವುದಿಲ್ಲ. ಯಂತ್ರ 'ಬೀಪ್' ಎಂದು ಸದ್ದು ಮಾಡಿ ಅದನ್ನು ಕೈಬಿಡುತ್ತದೆ. ಆ ಕಾಲದ ಬೆರಳಚ್ಚುಗಾರರಿಗೆ ಆ ಸದ್ದು ಎಚ್ಚರಿಕೆಯ ಗಂಟೆಯಾಗಿತ್ತು. ಅಕ್ಷರ ಹೋಯಿತು ಎಂಬುದು ಕಿವಿಗೆ ಗೊತ್ತಾಗುತ್ತಿತ್ತು.

ವಿಂಡೋಸ್ ವ್ಯವಸ್ಥೆಯಲ್ಲಿ ಸಂಗ್ರಹವು ಬಹಳ ದೊಡ್ಡದು. ಕೀಲಿಯ ಸಂಕೇತಗಳು ಸಂದೇಶಗಳಾಗಿ ಒಂದು ಸರತಿಯಲ್ಲಿ ನಿಲ್ಲುತ್ತವೆ, ತಂತ್ರಾಂಶವು ಅವನ್ನು ಒಂದೊಂದಾಗಿ ಪಡೆದುಕೊಳ್ಳುತ್ತದೆ. ಪಡೆಯುವುದನ್ನು ನಿಲ್ಲಿಸಿದರೆ ಪರದೆ ಸ್ತಬ್ಧವಾಗುತ್ತದೆ. ಸುಮಾರು 5 ಸೆಕೆಂಡುಗಳವರೆಗೆ ತಂತ್ರಾಂಶ ಪ್ರತಿಕ್ರಿಯಿಸದಿದ್ದರೆ ವ್ಯವಸ್ಥೆಯು ಅದನ್ನು 'ನಾಟ್ ರೆಸ್ಪಾಂಡಿಂಗ್' ಎಂದು ಪರಿಗಣಿಸುತ್ತದೆ. ಇಲ್ಲಿ ಕೀಲಿಗಳು ಸಾಮಾನ್ಯವಾಗಿ ನಾಶವಾಗುವುದಿಲ್ಲ, ಕಾಯುತ್ತಿರುತ್ತವೆ ಎಂಬುದು ಗಮನಾರ್ಹ. ವಿಂಡೋಸ್ 3.1ರಲ್ಲಿ ಎಲ್ಲ ತಂತ್ರಾಂಶಗಳಿಗೂ ಸೇರಿ ಒಂದೇ ಸರತಿಯಿದ್ದುದರಿಂದ ಒಂದು ನಿಂತರೆ ಎಲ್ಲವೂ ನಿಲ್ಲುತ್ತಿದ್ದವು. ಮುಂದಿನ ವ್ಯವಸ್ಥೆಗಳಲ್ಲಿ ಈ ತೊಡಕು ನಿವಾರಣೆಯಾಯಿತಾದರೂ, ವಿಂಡೋಸ್ ಎಕ್ಸ್‌ಪಿಯಲ್ಲಿ 16 ಬಿಟ್‌ನ ಹಳೆಯ ತಂತ್ರಾಂಶಗಳು ವಿಶೇಷವಾಗಿ ಬೇರ್ಪಡಿಸದ ಹೊರತು ಒಂದೇ ಚಾವಣಿಯ ಕೆಳಗೆ ಓಡುತ್ತಿದ್ದವು. ಒಂದರ ಸ್ತಂಭನ ಇನ್ನೊಂದಕ್ಕೂ ತಟ್ಟುತ್ತಿತ್ತು.

ಕನ್ನಡದ ಮಟ್ಟಿಗೆ ಇನ್ನೊಂದು ಹಂತ ಸೇರುತ್ತದೆ. ಯೂನಿಕೋಡ್ ಶಿಷ್ಟತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ ಹಳೆಯ ಪುಟವಿನ್ಯಾಸ ತಂತ್ರಾಂಶಗಳು ಅದನ್ನು ಬಲ್ಲವಲ್ಲ. ಆದ್ದರಿಂದ ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡ ಅಕ್ಷರಭಾಗಗಳನ್ನು ಕೂರಿಸಿದ ಅಕ್ಷರಶೈಲಿಗಳು ಬಳಕೆಗೆ ಬಂದವು. ಕೀಲಿಮಣೆಗೂ ಪುಟವಿನ್ಯಾಸ ತಂತ್ರಾಂಶಕ್ಕೂ ನಡುವೆ ಒಂದು ಕನ್ನಡ ಬೆರಳಚ್ಚು ತಂತ್ರಾಂಶ ನಿಲ್ಲುತ್ತದೆ. ಅದು ಪ್ರತಿಯೊಂದು ಕೀಲಿಯನ್ನೂ ದಾರಿಯಲ್ಲಿ ತಡೆದು, ಕನ್ನಡಕ್ಕೆ ಪರಿವರ್ತಿಸಿ ಮುಂದೆ ಕಳುಹಿಸುತ್ತದೆ. 'ಕ' ಮೂಡಿದ ಮೇಲೆ ಇಕಾರದ ಕೀಲಿಯನ್ನು ಒತ್ತಿದರೆ, ಮೊದಲು ಕಳುಹಿಸಿದ 'ಕ'ವನ್ನು ಅಳಿಸಿ 'ಕಿ' ರೂಪವನ್ನು ಕಳುಹಿಸಬೇಕು. ಅಂದರೆ ಒಂದು ಕೀಲಿಗೆ ಒಂದು ಅಳಿಸುವಿಕೆ, ಒಂದೆರಡು ಹೊಸ ಅಕ್ಷರಭಾಗಗಳು. ಹಿಂದಿನ ಕೀಲಿ ಯಾವುದೆಂಬುದನ್ನು ಅದು ನೆನಪಿಟ್ಟುಕೊಳ್ಳಬೇಕು. ಈ ನೆನಪಿಗೂ ಪರದೆಯ ಮೇಲಿನ ಪಾಠಕ್ಕೂ ಹೊಂದಿಕೆ ತಪ್ಪಿದರೆ ಅಳಿಯಬಾರದ ಅಕ್ಷರ ಅಳಿಯುತ್ತದೆ. ಇಂಗ್ಲಿಷ್ ಬೆರಳಚ್ಚಿಗಿಂತ ಕನ್ನಡದಲ್ಲಿ ಸ್ತಂಭನದ ಹಾನಿ ಹೆಚ್ಚಾಗಿರುವುದಕ್ಕೆ ಇದೇ ಮುಖ್ಯ ಕಾರಣ.

3. ಸ್ತಂಭನದ ಮೂರು ಬಗೆ

ಕಾರಣವನ್ನು ಹುಡುಕುವ ಮುನ್ನ ಲಕ್ಷಣವನ್ನು ಬಿಡಿಸಿ ನೋಡಬೇಕು. 'ಕೀಲಿಮಣೆ ನಿಂತಿತು' ಎಂಬ ಒಂದೇ ಮಾತಿನಲ್ಲಿ ಮೂರು ಭಿನ್ನ ಸಂಗತಿಗಳು ಅಡಗಿವೆ.

ಅ) ವಿಳಂಬ: ಒತ್ತಿದ ಕೀಲಿಗಳು ಕೂಡಲೇ ಕಾಣಿಸದೆ, ಸ್ವಲ್ಪ ಹೊತ್ತಿನ ನಂತರ ಒಮ್ಮೆಲೇ ಸುರಿಯುತ್ತವೆ. ಇಲ್ಲಿ ದೋಷ ಕೀಲಿಮಣೆಯದಲ್ಲ. ಕೀಲಿಗಳನ್ನು ಸ್ವೀಕರಿಸಬೇಕಾದ ತಂತ್ರಾಂಶ ಬೇರೆ ಯಾವುದಕ್ಕೋ ಕಾಯುತ್ತಿದೆ.

ಆ) ಲೋಪ: ಒತ್ತಿದ ಕೀಲಿಗಳು ಬರುವುದೇ ಇಲ್ಲ. ಸಂಕೇತ ದಾರಿಯಲ್ಲೇ ನಷ್ಟವಾಗಿದೆ ಅಥವಾ ಬೇರೆಡೆಗೆ ಹೋಗಿದೆ.

ಇ) ವ್ಯತ್ಯಯ: ಅಕ್ಷರ ಬರುತ್ತದೆ, ಆದರೆ ಬೇರೆ ಅಕ್ಷರ ಬರುತ್ತದೆ. ಕನ್ನಡದ ಬದಲು ಇಂಗ್ಲಿಷ್, ಮಹಾಪ್ರಾಣದ ಬದಲು ಅಲ್ಪಪ್ರಾಣ ಇತ್ಯಾದಿ.

ಈ ಮೂರರಲ್ಲಿ ಯಾವುದು ಎಂದು ತಿಳಿದರೆ ಅರ್ಧ ದಾರಿ ಸಾಗಿದಂತೆ. ಸ್ತಂಭನವಾದ ಕೂಡಲೇ ಕೈಯೆತ್ತಿ, ಯಾವ ಕೀಲಿಯನ್ನೂ ಒತ್ತದೆ, ಮೌಸನ್ನೂ ಮುಟ್ಟದೆ ಅರ್ಧ ನಿಮಿಷ ಕಾದು ನೋಡುವುದು ಮೊದಲ ಪರೀಕ್ಷೆ. ನಿಂತುಹೋದ ಅಕ್ಷರಗಳು ತಾವಾಗಿ ಬಂದರೆ ಅದು ವಿಳಂಬ.

4. ಕಾರಣಗಳ ವರ್ಗೀಕರಣ

4.1 ಯಂತ್ರಭಾಗದ ಕಾರಣಗಳು

ಕೀಲಿಮಣೆಯ ತಂತಿ ಸಡಿಲವಾಗಿರುವುದು, ತಂತಿಯಿಲ್ಲದ ಕೀಲಿಮಣೆಯ ಬ್ಯಾಟರಿ ಕುಂದಿರುವುದು, ಕೀಲಿಗಳ ಅಡಿಯಲ್ಲಿ ಧೂಳು ಸೇರಿರುವುದು ಸರ್ವಸಾಮಾನ್ಯ. ವಿದ್ಯುತ್ ಉಳಿತಾಯಕ್ಕಾಗಿ ವ್ಯವಸ್ಥೆಯು ಯು.ಎಸ್.ಬಿ. ಸಾಧನಗಳನ್ನು ತಾತ್ಕಾಲಿಕವಾಗಿ ಮಲಗಿಸುವ ಏರ್ಪಾಡು ಇನ್ನೊಂದು ಕಾರಣವಾಗಬಹುದು. ಆಗ ಬಿಡುವಿನ ನಂತರದ ಮೊದಲ ಕೆಲವು ಕೀಲಿಗಳು ಕಾಣೆಯಾಗುತ್ತವೆ. ಅಗ್ಗದ ಕೀಲಿಮಣೆಗಳಲ್ಲಿ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಕೆಲವು ಜೋಡಣೆಗಳಲ್ಲಿ ಮೂರನೆಯದು ದಾಖಲಾಗುವುದೇ ಇಲ್ಲ. ವೇಗವಾಗಿ ಬೆರಳಚ್ಚು ಮಾಡುವವರ ಒಂದು ಬೆರಳು ಏಳುವ ಮೊದಲೇ ಇನ್ನೊಂದು ಇಳಿದಿರುತ್ತದೆ, ಶಿಫ್ಟ್ ಕೀಲಿಯೂ ಸೇರಿ ಮೂರಾಗುತ್ತದೆ. ನಿಧಾನವಾಗಿ ಒತ್ತಿದರೆ ಕಾಣದ ದೋಷ ವೇಗದಲ್ಲಿ ಮಾತ್ರ ಕಾಣುವುದು ಹೀಗೆ.

4.2 ಅರಿಯದೆ ಬದಲಾದ ಸ್ಥಿತಿಗಳು

ವಿಂಡೋಸ್‌ನಲ್ಲಿ ಬಲಗಡೆಯ ಶಿಫ್ಟ್ ಕೀಲಿಯನ್ನು 8 ಸೆಕೆಂಡು ಒತ್ತಿ ಹಿಡಿದರೆ 'ಫಿಲ್ಟರ್ ಕೀಸ್', ಯಾವುದೇ ಶಿಫ್ಟನ್ನು ಐದು ಬಾರಿ ಒತ್ತಿದರೆ 'ಸ್ಟಿಕಿ ಕೀಸ್' ಎಂಬ ಸೌಲಭ್ಯ ಮುಂದಾಗುತ್ತದೆ. ಕೈಗಳ ಚಲನೆಯಲ್ಲಿ ತೊಂದರೆಯಿರುವವರಿಗಾಗಿ ಮಾಡಿದ ಉಪಯುಕ್ತ ಏರ್ಪಾಡು ಇದು. ಅರಿಯದೆ 'ಹೌದು' ಎಂದು ಒಪ್ಪಿದವರಿಗೆ ಮಾತ್ರ, ಫಿಲ್ಟರ್ ಕೀಸ್ ಕ್ಷಿಪ್ರವಾದ ಒತ್ತುಗಳನ್ನು ಕಡೆಗಣಿಸುವುದರಿಂದ, ಕೀಲಿಮಣೆ ಸತ್ತಂತೆ ತೋರುತ್ತದೆ. ಕೆ.ಪಿ. ರಾವ್ ವಿನ್ಯಾಸದಲ್ಲಿ ದೀರ್ಘಸ್ವರ, ಮಹಾಪ್ರಾಣ, ಣಕಾರ, ಳಕಾರಗಳಿಗೆಲ್ಲ ಶಿಫ್ಟ್ ಬೇಕು. ಓಲೆಯ ಮೇಲೆ ಕಣ್ಣಿಟ್ಟು, ಮುಂದಿನ ಅಕ್ಷರವನ್ನು ಓದುತ್ತಾ, ಶಿಫ್ಟ್ ಮೇಲೆ ಬೆರಳಿಟ್ಟೇ ಕುಳಿತ ಸಂಶೋಧಕನಿಗೆ 8 ಸೆಕೆಂಡು ಕಳೆದುದು ತಿಳಿಯುವುದಿಲ್ಲ.

ಆಲ್ಟ್ ಅಥವಾ ಎಫ್10 ಕೀಲಿ ತಗುಲಿದರೆ ಗಮನವು ಮೆನುವಿಗೆ ಹೋಗಿ, ಮುಂದಿನ ಕೀಲಿಗಳು ಪಾಠಕ್ಕೆ ಬರುವುದಿಲ್ಲ. ಎಡ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ತಗುಲಿದರೆ ಕೀಲಿಮಣೆಯ ಭಾಷೆಯೇ ಬದಲಾಗಬಹುದು. 'ನುಡಿ' ತಂತ್ರಾಂಶದಲ್ಲಿ ಕನ್ನಡ ಮತ್ತು ಇಂಗ್ಲಿಷ್ ನಡುವೆ ಬದಲಾಯಿಸಲು ಬಳಸುವ ಸ್ಕ್ರೋಲ್ ಲಾಕ್ ಕೀಲಿಯು ಎಕ್ಸೆಲ್‌ನಲ್ಲಿ ಬೇರೆ ಅರ್ಥವನ್ನು ಹೊಂದಿದೆ. ಅದು ಚಾಲನೆಯಲ್ಲಿದ್ದಾಗ ಬಾಣದ ಕೀಲಿಗಳು ಕೋಶದಿಂದ ಕೋಶಕ್ಕೆ ಚಲಿಸದೆ ಹಾಳೆಯನ್ನು ಸರಿಸುತ್ತವೆ. ಪದಪಟ್ಟಿಯನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸುವವರು ಇದನ್ನು ಸ್ತಂಭನವೆಂದೇ ಭಾವಿಸುತ್ತಾರೆ.

4.3 ಬೆರಳಚ್ಚು ತಂತ್ರಾಂಶದ ಕಾರಣಗಳು

ಕೀಲಿಗಳನ್ನು ದಾರಿಯಲ್ಲಿ ತಡೆಯಲು ವಿಂಡೋಸ್ ಒದಗಿಸುವ ಉಪಾಯಕ್ಕೆ 'ಹುಕ್' ಎಂದು ಹೆಸರು. ಗಾಳ ಹಾಕಿ ಮೀನು ಹಿಡಿದಂತೆ ಇದು ಕೀಲಿಗಳನ್ನು ಹಿಡಿಯುತ್ತದೆ. ಇದರ ಒಂದು ಬಗೆಯಲ್ಲಿ, ಹಿಡಿದ ಕೀಲಿಯನ್ನು ನಿಗದಿತ ಅವಧಿಯೊಳಗೆ ಬಿಟ್ಟುಕೊಡಬೇಕೆಂಬ ನಿಯಮವಿದೆ. ಯಂತ್ರಕ್ಕೆ ಕೆಲಸದ ಹೊರೆ ಹೆಚ್ಚಾಗಿ ಬೆರಳಚ್ಚು ತಂತ್ರಾಂಶ ತಡಮಾಡಿದರೆ, ವಿಂಡೋಸ್ 7ರಿಂದ ಈಚೆಗೆ ವ್ಯವಸ್ಥೆಯು ಆ ಹುಕ್ಕನ್ನು ಸದ್ದಿಲ್ಲದೆ ಕಿತ್ತುಹಾಕಬಲ್ಲದು. ಕಿತ್ತುಹಾಕಿದ ಸಂಗತಿ ಬೆರಳಚ್ಚು ತಂತ್ರಾಂಶಕ್ಕೂ ತಿಳಿಯುವುದಿಲ್ಲ. ಮೂಲೆಯಲ್ಲಿ ಅದರ ಚಿಹ್ನೆ ಎಂದಿನಂತೆ ಇರುತ್ತದೆ, ಕನ್ನಡ ಮಾತ್ರ ಮೂಡುವುದಿಲ್ಲ. ತಂತ್ರಾಂಶವನ್ನು ಮುಚ್ಚಿ ತೆರೆದರೆ ಸರಿಹೋಗುತ್ತದೆ. ಎಕ್ಸ್‌ಪಿ ಕಾಲದಲ್ಲಿ ಚೆನ್ನಾಗಿ ನಡೆಯುತ್ತಿದ್ದ ತಂತ್ರಾಂಶ ಹೊಸ ಯಂತ್ರದಲ್ಲಿ ಆಗಾಗ ಕೈಕೊಡುವುದಕ್ಕೆ ಇದು ಒಂದು ಕಾರಣ.

ಎರಡನೆಯದು ಅಧಿಕಾರದ ತೊಡಕು. ಹಳೆಯ ಪುಟವಿನ್ಯಾಸ ತಂತ್ರಾಂಶ ಸರಿಯಾಗಿ ಓಡಲೆಂದು ಅದನ್ನು 'ಅಡ್ಮಿನಿಸ್ಟ್ರೇಟರ್' ಅಧಿಕಾರದಲ್ಲಿ ತೆರೆಯುವ ರೂಢಿಯಿದೆ. ವಿಂಡೋಸ್ ವಿಸ್ಟಾದಿಂದ ಈಚೆಗೆ ಕೆಳ ಅಧಿಕಾರದ ತಂತ್ರಾಂಶವು ಮೇಲಿನ ಅಧಿಕಾರದ ತಂತ್ರಾಂಶಕ್ಕೆ ಕೀಲಿಗಳನ್ನು ಕಳುಹಿಸುವಂತಿಲ್ಲ. ಬೆರಳಚ್ಚು ತಂತ್ರಾಂಶವನ್ನು ಸಾಮಾನ್ಯವಾಗಿ ತೆರೆದಿದ್ದರೆ, ನೋಟ್‌ಪ್ಯಾಡ್‌ನಲ್ಲಿ ಕನ್ನಡ ಬರುತ್ತದೆ, ಪುಟವಿನ್ಯಾಸದಲ್ಲಿ ಬರುವುದಿಲ್ಲ. ಎರಡನ್ನೂ ಒಂದೇ ಅಧಿಕಾರದಲ್ಲಿ ತೆರೆಯುವುದೇ ಪರಿಹಾರ.

ಮೂರನೆಯದಾಗಿ, ಎರಡು ಬೆರಳಚ್ಚು ತಂತ್ರಾಂಶಗಳು ಏಕಕಾಲಕ್ಕೆ ಚಾಲನೆಯಲ್ಲಿದ್ದರೆ ಒಂದು ಪರಿವರ್ತಿಸಿದ್ದನ್ನು ಇನ್ನೊಂದು ಮತ್ತೆ ಪರಿವರ್ತಿಸಲು ಹೊರಡುತ್ತದೆ. ಹಲವರು ಬಳಸುವ ಯಂತ್ರಗಳಲ್ಲಿ ಇದು ಅಪರೂಪವಲ್ಲ.

4.4 ಮುಖ್ಯ ತಂತ್ರಾಂಶದ ಕಾರಣಗಳು

ಹಳೆಯ ತಂತ್ರಾಂಶಗಳಲ್ಲಿ ಅನೇಕವು ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವಂಥವು. ಕಡತವನ್ನು ಉಳಿಸುವಾಗ, ಪುಟಗಳನ್ನು ಮರುಜೋಡಿಸುವಾಗ, ಜಾಲದ ಇನ್ನೊಂದು ಯಂತ್ರದಲ್ಲಿರುವ ಕಡತವನ್ನು ಹುಡುಕುವಾಗ, ಪ್ರಿಂಟರ್‌ನಿಂದ ಮಾಹಿತಿ ಕೇಳುವಾಗ ಅವು ಉತ್ತರ ಬರುವವರೆಗೆ ಕೀಲಿಗಳತ್ತ ತಿರುಗಿ ನೋಡುವುದಿಲ್ಲ. ಪುಟದ ಅಳತೆಯನ್ನು ಪ್ರಿಂಟರ್‌ನಿಂದ ಕೇಳಿ ತಿಳಿಯುವ ತಂತ್ರಾಂಶಗಳಿಗೆ ಆ ಪ್ರಿಂಟರ್ ಆರಿದ್ದರೆ ಉತ್ತರ ತಡವಾಗುತ್ತದೆ.

ಡಾಸ್ ತಂತ್ರಾಂಶಗಳದು ಬೇರೆ ಕಥೆ. ಪಾಸ್ ಕೀಲಿಯಾಗಲಿ, ಕಂಟ್ರೋಲ್ ಮತ್ತು ಎಸ್ ಜೋಡಿಯಾಗಲಿ ತಗುಲಿದರೆ ಪರದೆಯ ಓಟ ನಿಲ್ಲುವ ಪದ್ಧತಿ ಅಲ್ಲಿದೆ. ಈಚಿನ ವಿಂಡೋಸ್‌ನ ಕಪ್ಪು ಕಿಟಕಿಯಲ್ಲಿ ಮೌಸ್ ಒತ್ತಿದರೂ ಪಾಠವನ್ನು ಆಯುವ ಸ್ಥಿತಿ ಬಂದು ತಂತ್ರಾಂಶ ನಿಲ್ಲುತ್ತದೆ, ಎಸ್ಕೇಪ್ ಒತ್ತಿದರೆ ಮುಂದುವರಿಯುತ್ತದೆ. 64 ಬಿಟ್‌ನ ವಿಂಡೋಸ್ ಯಂತ್ರಗಳಲ್ಲಿ 16 ಬಿಟ್‌ನ ತಂತ್ರಾಂಶಗಳು ನೇರವಾಗಿ ಓಡುವುದಿಲ್ಲವಾದ್ದರಿಂದ ಡಾಸ್‌ಬಾಕ್ಸ್‌ನಂತಹ ಅನುಕರಣ ತಂತ್ರಾಂಶಗಳನ್ನು ಆಶ್ರಯಿಸಬೇಕಾಗುತ್ತದೆ.

5. ಕಾರಣಶೋಧನೆಯ ಕ್ರಮ

ಇಷ್ಟು ಕಾರಣಗಳಲ್ಲಿ ನಮ್ಮ ಯಂತ್ರಕ್ಕೆ ಯಾವುದು ಅನ್ವಯಿಸುತ್ತದೆ ಎಂಬುದನ್ನು ನಿರ್ಣಯಿಸಲು ಪ್ರತಿಗಳನ್ನು ತಾಳೆನೋಡುವ ಸಂಪಾದಕನ ಶಿಸ್ತೇ ಸಾಕು. ಊಹೆಗಿಂತ ಮೊದಲು ಸಾಕ್ಷ್ಯ, ಒಂದು ಬಾರಿಗೆ ಒಂದೇ ಬದಲಾವಣೆ.

ಮೊದಲನೆಯದಾಗಿ, ಸ್ತಂಭನವಾದಾಗ ನಮ್ ಲಾಕ್ ಅಥವಾ ಕ್ಯಾಪ್ಸ್ ಲಾಕ್ ಒತ್ತಿ ಅದರ ದೀಪವನ್ನು ಗಮನಿಸಬೇಕು. ದೀಪ ಬದಲಾದರೆ ಕೀಲಿಮಣೆಯೂ ವ್ಯವಸ್ಥೆಯೂ ಎಚ್ಚರವಾಗಿವೆ, ದೋಷ ಮುಂದಿನ ಹಂತದ್ದು. ಬದಲಾಗದಿದ್ದರೆ ಯಂತ್ರಭಾಗವನ್ನು ಅಥವಾ ಇಡೀ ವ್ಯವಸ್ಥೆಯನ್ನು ಶಂಕಿಸಬೇಕು. ಪರೀಕ್ಷೆಯಾದ ಮೇಲೆ ಅದನ್ನು ಮೊದಲಿನ ಸ್ಥಿತಿಗೆ ತರಲು ಮರೆಯಬಾರದು.

ಎರಡನೆಯದಾಗಿ, ನೋಟ್‌ಪ್ಯಾಡ್ ತೆರೆದು ಇಂಗ್ಲಿಷಿನಲ್ಲಿ ಒತ್ತಿ ನೋಡಬೇಕು. ಅಲ್ಲಿಯೂ ಬರದಿದ್ದರೆ ಪರದೆಯ ಮೇಲಿನ ಕೀಲಿಮಣೆಯಿಂದ ಮೌಸ್ ಮೂಲಕ ಒತ್ತಬೇಕು. ಅದರಿಂದ ಬಂದು ನಿಜವಾದ ಕೀಲಿಮಣೆಯಿಂದ ಬರದಿದ್ದರೆ ಮೊದಲು ಫಿಲ್ಟರ್ ಕೀಸ್ ಚಾಲನೆಯಲ್ಲಿದೆಯೇ ಎಂದು ನೋಡಿ, ಅನಂತರ ಬೇರೊಂದು ಕೀಲಿಮಣೆಯನ್ನು ಜೋಡಿಸಿ ಪರೀಕ್ಷಿಸಬೇಕು.

ಮೂರನೆಯದಾಗಿ, ನೋಟ್‌ಪ್ಯಾಡ್‌ನಲ್ಲಿ ಇಂಗ್ಲಿಷ್ ಬಂದು ಕನ್ನಡ ಬರದಿದ್ದರೆ ಬೆರಳಚ್ಚು ತಂತ್ರಾಂಶವನ್ನು ಮುಚ್ಚಿ ತೆರೆಯಬೇಕು. ಕನ್ನಡವೂ ಅಲ್ಲಿ ಬಂದು ಪುಟವಿನ್ಯಾಸದಲ್ಲಿ ಮಾತ್ರ ಬರದಿದ್ದರೆ ಅಧಿಕಾರದ ತೊಡಕನ್ನೂ ಮುಖ್ಯ ತಂತ್ರಾಂಶದ ವಿಳಂಬವನ್ನೂ ಪರಿಶೀಲಿಸಬೇಕು.

ನಾಲ್ಕನೆಯದಾಗಿ, ಒಂದು ದಿನಚರಿಯನ್ನು ಇಡಬೇಕು. ದಿನ, ವೇಳೆ, ತೆರೆದಿದ್ದ ತಂತ್ರಾಂಶಗಳು, ನಿಲ್ಲುವ ಮುನ್ನ ಮಾಡಿದ ಕೊನೆಯ ಕೆಲಸ, ನಿಂತ ಬಗೆ, ಸರಿಹೋದ ಬಗೆ ಇಷ್ಟನ್ನು ಒಂದೊಂದು ಸಾಲಿನಲ್ಲಿ ಕಾಗದದ ಮೇಲೆ ಬರೆದರೆ ಸಾಕು. ಬಿಟ್ಟು ಬಿಟ್ಟು ಬರುವ ದೋಷಕ್ಕೆ ಇದಕ್ಕಿಂತ ಉತ್ತಮ ಔಷಧಿ ಇಲ್ಲ. ದೋಷ ಯಾವಾಗ ಬರುವುದಿಲ್ಲ ಎಂಬುದೂ ಸಾಕ್ಷ್ಯವೇ.

ಐದನೆಯದಾಗಿ, ಶಂಕಿತ ಕಾರಣವನ್ನು ತೆಗೆದಾಗ ಸ್ತಂಭನ ನಿಂತರೆ ಅಷ್ಟಕ್ಕೇ ತೃಪ್ತರಾಗಬಾರದು. ಅದೇ ಕಾರಣವನ್ನು ಮತ್ತೆ ತಂದಾಗ ಸ್ತಂಭನ ಮರಳಿ ಬರುತ್ತದೆಯೇ ಎಂದು ನೋಡಬೇಕು. ಮರಳಿ ಬಂದರೆ ಮಾತ್ರ ನಿರ್ಣಯ ದೃಢ.

6. ಒಂದು ನಿದರ್ಶನ

ಭಾಮಿನಿ ಷಟ್ಪದಿಯ ಒಂದು ಅಪ್ರಕಟಿತ ಕಾವ್ಯದ ಪಾಠವನ್ನು ವಿಂಡೋಸ್ 7 ಇದ್ದ ಹಳೆಯ ಯಂತ್ರವೊಂದರಲ್ಲಿ ಸಿದ್ಧಪಡಿಸುತ್ತಿದ್ದಾಗ ಈ ಸ್ತಂಭನ ಎದುರಾಯಿತು. ಪುಟ ತುಂಬಿ ಮುಂದಿನ ಪುಟಕ್ಕೆ ಹರಿಯುವ ಹೊತ್ತಿಗೆ ಪರದೆ ನಿಲ್ಲುತ್ತಿತ್ತು. ಕೆಲವು ದಿನ ಒಮ್ಮೆಯೂ ಇಲ್ಲ, ಕೆಲವು ದಿನ ಪುಟಪುಟಕ್ಕೂ ಉಂಟು. ಕೀಲಿಮಣೆಯನ್ನು ಬದಲಾಯಿಸಿದ್ದಾಯಿತು, ವೈರಸ್ ಪರೀಕ್ಷೆ ಮಾಡಿಸಿದ್ದಾಯಿತು, ಪ್ರಯೋಜನವಾಗಲಿಲ್ಲ. ದಿನಚರಿ ಇಡಲು ಆರಂಭಿಸಿದ ಮೇಲೆ ಒಂದು ಸಂಗತಿ ಗೋಚರಿಸಿತು. ಬೆಳಿಗ್ಗೆ ಹತ್ತೂವರೆಗೆ ಮುನ್ನ, ಸಂಜೆ ಐದೂವರೆಯ ನಂತರ ಹಾಗೂ ರಜಾದಿನಗಳಲ್ಲಿ ಮಾತ್ರ ಸ್ತಂಭನವಾಗುತ್ತಿತ್ತು. ಪಕ್ಕದಲ್ಲಿ ಕುಳಿತು ಕರಡು ತಿದ್ದುತ್ತಿದ್ದ ಡಿ.ಟಿ.ಪಿ. ಕೆಲಸದ ಹಿರಿಯರೊಬ್ಬರಿಗೆ ಇದನ್ನು ತೋರಿಸಿದಾಗ, "ಅದು ಆಫೀಸಿನ ಬಾಗಿಲು ಹಾಕಿರುವ ಹೊತ್ತಲ್ಲವೇನಪ್ಪಾ?" ಎಂದರು. ಪುಟವಿನ್ಯಾಸ ತಂತ್ರಾಂಶಕ್ಕೆ ಗೊತ್ತುಪಡಿಸಿದ್ದ ಪ್ರಿಂಟರ್ ಆ ಕಚೇರಿಯ ಯಂತ್ರಕ್ಕೆ ಸೇರಿತ್ತು. ಕಚೇರಿ ಮುಚ್ಚಿದಾಗ ಆ ಯಂತ್ರವೂ ಆರಿರುತ್ತಿತ್ತು. ಇಲ್ಲದ ಪ್ರಿಂಟರ್‌ನ ಉತ್ತರಕ್ಕಾಗಿ ತಂತ್ರಾಂಶ ಕಾಯುತ್ತಿತ್ತು.

ಗೊತ್ತುಪಡಿಸಿದ ಪ್ರಿಂಟರ್‌ನ ಸ್ಥಾನದಲ್ಲಿ, ಕಡತಕ್ಕೆ ಮುದ್ರಿಸುವ ಸ್ಥಳೀಯ ಪ್ರಿಂಟರೊಂದನ್ನು ಇಟ್ಟಾಗ ಸ್ತಂಭನ ನಿಂತಿತು. ಹಳೆಯದನ್ನು ಮತ್ತೆ ಗೊತ್ತುಪಡಿಸಿ ಜಾಲದ ತಂತಿಯನ್ನು ಕಿತ್ತಾಗ ಸ್ತಂಭನ ಮರಳಿತು. ಕಾರಣ ಖಚಿತವಾಯಿತು.

ಆದರೆ ಅದಕ್ಕೂ ಮೊದಲು ಸಿದ್ಧವಾಗಿದ್ದ ಪುಟಗಳ ಗತಿಯೇನು? ಅವನ್ನು ಓಲೆಯ ಪ್ರತಿಯೊಂದಿಗೆ ಮತ್ತೆ ತಾಳೆನೋಡಿದಾಗ ಮೂರು ಬಗೆಯ ದೋಷಗಳು ಕಂಡುಬಂದವು. ಅಕ್ಷರ ಬರಲಿಲ್ಲವೆಂದು ಅದೇ ಕೀಲಿಯನ್ನು ಮತ್ತೆ ಒತ್ತಿದ್ದರಿಂದ ಆದ ಪುನರಾವೃತ್ತಿ ಮೊದಲನೆಯದು. ತಾಳ್ಮೆಗೆಟ್ಟು ಒತ್ತಿದ ಬ್ಯಾಕ್‌ಸ್ಪೇಸ್‌ಗಳೂ ಸರತಿಯಲ್ಲಿ ಕಾದಿದ್ದು ಕೊನೆಗೆ ಒಟ್ಟಿಗೆ ಕೆಲಸ ಮಾಡಿದ್ದರಿಂದ ಆದ ಲೋಪ ಎರಡನೆಯದು. ಈ ಎರಡರಲ್ಲೂ ಯಂತ್ರ ತನಗೆ ಹೇಳಿದ್ದನ್ನೇ ಮಾಡಿತ್ತು, ಹಾನಿ ಮಾಡಿದ್ದು ನಮ್ಮ ಆತುರ. ಮೂರನೆಯ ದೋಷ ಮಾತ್ರ ಯಂತ್ರದ್ದು. ಪುಟದ ಅಂಚಿನ ಸಾಲುಗಳಲ್ಲಿ ಧಕಾರವಿರಬೇಕಾದಲ್ಲಿ ದಕಾರ, ಳಕಾರವಿರಬೇಕಾದಲ್ಲಿ ಲಕಾರ ಕಾಣಿಸುತ್ತಿದ್ದವು.

ಇದನ್ನು ಪರೀಕ್ಷಿಸಲು ಬೇಕೆಂದೇ ಸ್ತಂಭನವನ್ನು ಉಂಟುಮಾಡಿ, ಆ ಅವಧಿಯಲ್ಲಿ ಶಿಫ್ಟ್ ಸಹಿತ 'ಧ'ವನ್ನು ಒತ್ತಿ ಎಂದಿನಂತೆ ಬಿಡಲಾಯಿತು; ಮೂಡಿದ್ದು 'ದ'. ಮತ್ತೊಮ್ಮೆ, ಸ್ತಂಭನ ಮುಗಿಯುವವರೆಗೆ ಎಡಗಡೆಯ ಶಿಫ್ಟನ್ನು ಬಿಡದೆ ಹಿಡಿಯಲಾಯಿತು. 'ಧ' ಸರಿಯಾಗಿ ಮೂಡಿತು. ಇನ್ನೊಮ್ಮೆ, ಶಿಫ್ಟ್ ಇಲ್ಲದೆ 'ಕನ' ಎಂದು ಒತ್ತಿ, ಅನಂತರ ಶಿಫ್ಟನ್ನು ಹಿಡಿದು ಕಾದಾಗ 'ಖಣ' ಎಂದು ಮೂಡಿತು. ಅಂದರೆ ಆ ಬೆರಳಚ್ಚು ತಂತ್ರಾಂಶವು ಕೀಲಿಯನ್ನು ಒತ್ತಿದ ಕ್ಷಣದ ಶಿಫ್ಟ್ ಸ್ಥಿತಿಯನ್ನು ನೋಡದೆ, ಕೀಲಿಯನ್ನು ತಾನು ಸಂಸ್ಕರಿಸುವ ಕ್ಷಣದ ಸ್ಥಿತಿಯನ್ನು ನೋಡುತ್ತಿದೆ. ವಿಂಡೋಸ್ ಈ ಎರಡು ಬಗೆಯ ವಿಚಾರಣೆಗೂ ಬೇರೆ ಬೇರೆ ದಾರಿಗಳನ್ನು ಕೊಟ್ಟಿದೆ. ತಂತ್ರಾಂಶವನ್ನು ಬರೆಯುವಾಗ ಎರಡನೆಯದನ್ನು ಆಯ್ದುಕೊಂಡರೆ ಹೀಗಾಗುತ್ತದೆ. ವಿಳಂಬವಿಲ್ಲದಾಗ ಎರಡು ಕ್ಷಣಗಳೂ ಒಂದೇ ಆಗಿರುವುದರಿಂದ ದೋಷ ಎಂದೂ ಹೊರಬೀಳುವುದಿಲ್ಲ.

7. ಪಾಠ ಪರಿಶೀಲನೆಯಲ್ಲಿ ಛಂದಸ್ಸಿನ ನೆರವು

ಈ ದೋಷಗಳಲ್ಲಿ ಯಾವುವು ಓದುವಾಗಲೇ ಕಣ್ಣಿಗೆ ಬೀಳುತ್ತವೆ, ಯಾವುವು ಬೀಳುವುದಿಲ್ಲ ಎಂಬುದು ಸಂಪಾದಕನಿಗೆ ಮುಖ್ಯ. ಒತ್ತಕ್ಷರದ ಕೀಲಿ ತಪ್ಪಿ 'ಅಕ್ಕ' ಎಂಬುದು 'ಅಕಕ' ಆದರೆ ಯಾರಿಗೂ ಗೊತ್ತಾಗುತ್ತದೆ. 'ನಾಡು' ಎಂಬಲ್ಲಿ ದೀರ್ಘ ತಪ್ಪಿದರೆ 'ನಡು', 'ಕಾಡು' ಎಂಬಲ್ಲಿ ತಪ್ಪಿದರೆ 'ಕಡು'. ಶಿಫ್ಟ್ ತಪ್ಪಿದರೆ 'ಧನ'ವು 'ದನ', 'ಮಳೆ'ಯು 'ಮಲೆ', 'ಹಾಳು' ಎಂಬುದು 'ಹಾಲು', 'ಗಾಳಿ'ಯು 'ಗಾಲಿ'. ಇವೆಲ್ಲ ಸಾರ್ಥಕ ಪದಗಳೇ. ಕಾಗುಣಿತ ಪರೀಕ್ಷಕವೂ ಇವನ್ನು ಹಿಡಿಯಲಾರದು. ಮುಂದಿನ ಸಂಶೋಧಕ ಇವನ್ನು ಪಾಠಾಂತರವೆಂದು ಭಾವಿಸಿ ವ್ಯಾಖ್ಯಾನ ಬರೆದರೂ ಆಶ್ಚರ್ಯವಿಲ್ಲ.

ಭಾಮಿನಿ ಷಟ್ಪದಿಯ 1, 2, 4, 5ನೆಯ ಪಾದಗಳಲ್ಲಿ 14 ಮಾತ್ರೆಗಳು, 3 ಮತ್ತು 6ನೆಯ ಪಾದಗಳಲ್ಲಿ 23 ಮಾತ್ರೆಗಳು ಬರುತ್ತವೆ. 'ನಾಡು' 3 ಮಾತ್ರೆ, 'ನಡು' 2 ಮಾತ್ರೆ. ಆದ್ದರಿಂದ ದೀರ್ಘಲೋಪವನ್ನು ಮಾತ್ರೆಗಳ ಎಣಿಕೆಯೇ ಹಿಡಿದುಕೊಡುತ್ತದೆ. ಒತ್ತಕ್ಷರದ ಲೋಪವನ್ನು ಎಣಿಕೆ ಯಾವಾಗಲೂ ಹಿಡಿಯುವುದಿಲ್ಲ ಎಂಬುದನ್ನು ಗಮನಿಸಬೇಕು. 'ಅಕ್ಕ' ಗುರು ಮತ್ತು ಲಘು ಸೇರಿ 3 ಮಾತ್ರೆ, 'ಅಕಕ' ಮೂರು ಲಘುಗಳು ಸೇರಿ ಅಷ್ಟೇ. ಹಿಂದಿನ ಅಕ್ಷರ ದೀರ್ಘವಾಗಿದ್ದರೆ, ಉದಾಹರಣೆಗೆ 'ವಾಕ್ಯ'ವು 'ವಾಕಯ' ಆದರೆ, 3 ಮಾತ್ರೆ 4 ಆಗಿ ದೋಷ ಹೊರಬೀಳುತ್ತದೆ.

ಶಿಫ್ಟ್ ಲೋಪದಿಂದಾದ 'ಧನ' ಮತ್ತು 'ದನ', 'ಮಳೆ' ಮತ್ತು 'ಮಲೆ' ಜೋಡಿಗಳಲ್ಲಿ ಮಾತ್ರೆ ಬದಲಾಗುವುದಿಲ್ಲ. ಇಲ್ಲಿ ಪ್ರಾಸ ನೆರವಿಗೆ ಬರುತ್ತದೆ. ಪಾದದ ಎರಡನೆಯ ಅಕ್ಷರದ ವ್ಯಂಜನ ಆರೂ ಪಾದಗಳಲ್ಲಿ ಒಂದೇ ಆಗಿರಬೇಕಾದ್ದರಿಂದ ಳಕಾರದ ಪ್ರಾಸದ ನಡುವೆ ಲಕಾರ ನುಸುಳಿದರೆ ಕೂಡಲೇ ಗೊತ್ತಾಗುತ್ತದೆ. ಗಜಪ್ರಾಸದ ಪದ್ಯದಲ್ಲಿ ಒಂದು ಪಾದ ಮಾತ್ರ ಹ್ರಸ್ವದಿಂದ ಆರಂಭವಾಗಿದ್ದರೆ ಅಲ್ಲಿ ದೀರ್ಘಲೋಪವನ್ನು ಶಂಕಿಸಬಹುದು. ಪ್ರಾಸಸ್ಥಾನದ ಹೊರಗೆ ಬಿದ್ದ ಶಿಫ್ಟ್ ಲೋಪಕ್ಕೆ ಮಾತ್ರ ಛಂದಸ್ಸಿನಲ್ಲಿ ಯಾವ ಕಾವಲೂ ಇಲ್ಲ. ಅದಕ್ಕೆ ಮೂಲಪ್ರತಿಯೊಂದಿಗೆ ಅಕ್ಷರಶಃ ತಾಳೆನೋಡುವುದೊಂದೇ ದಾರಿ. ವಚನಗಳಿಗೆ, ಗದ್ಯಕ್ಕೆ, ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಿದ ಆಡುಮಾತಿನ ಪದಗಳಿಗೆ ಮಾತ್ರೆ ಮತ್ತು ಪ್ರಾಸಗಳ ಕಾವಲೂ ಇಲ್ಲವಾದ್ದರಿಂದ ಅಲ್ಲಿ ಅಪಾಯ ಇನ್ನೂ ಹೆಚ್ಚು. ನಿಘಂಟಿನಲ್ಲಿ ಇಲ್ಲದ ಪದವೊಂದು ತಪ್ಪಾಗಿ ದಾಖಲಾದರೆ ಅದನ್ನು ತಿದ್ದಲು ಆ ಪದವನ್ನಾಡಿದ ವಕ್ತೃವಿನ ಬಳಿಗೇ ಮರಳಬೇಕಾಗುತ್ತದೆ.

ದಿನಚರಿಯ ಇನ್ನೊಂದು ಉಪಯೋಗ ಇಲ್ಲಿ ಸ್ಪಷ್ಟವಾಗುತ್ತದೆ. ಸ್ತಂಭನವಾದ ಪದ್ಯದ ಸಂಖ್ಯೆಯನ್ನು ಬರೆದಿಟ್ಟಿದ್ದರೆ ಇಡೀ ಕಾವ್ಯವನ್ನು ಮತ್ತೆ ಜಾಲಾಡುವ ಬದಲು ಆ ಪದ್ಯಗಳ ಆಸುಪಾಸನ್ನು ಮೊದಲು ಪರಿಶೀಲಿಸಬಹುದು.

8. ಉಪಸಂಹಾರ

ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಕೊನೆಗೊಂಡಿತು. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಹೊಸ ಕೆಲಸವನ್ನು ಯೂನಿಕೋಡ್‌ನಲ್ಲೇ ಆರಂಭಿಸುವುದು ನಿಜವಾದ ಪರಿಹಾರ. ಪರಿವರ್ತನೆಯ ನಂತರವೂ ಮೂಲ ಕಡತವನ್ನು ಉಳಿಸಿಕೊಳ್ಳಬೇಕು. ಹಳೆಯ ತಂತ್ರಾಂಶ ಅನಿವಾರ್ಯವಾದರೆ ಅದನ್ನು ಅಂತರ್ಜಾಲದ ಸಂಪರ್ಕವಿಲ್ಲದ ಪ್ರತ್ಯೇಕ ಯಂತ್ರದಲ್ಲಿ, ಸ್ಥಳೀಯ ಪ್ರಿಂಟರ್‌ನೊಂದಿಗೆ, ಒಂದೇ ಬೆರಳಚ್ಚು ತಂತ್ರಾಂಶದೊಂದಿಗೆ ಬಳಸುವುದು ಕ್ಷೇಮ.

ಪರಿವರ್ತನೆಯಿಂದ ಅಕ್ಷರದ ಸಂಕೇತ ಬದಲಾಗುತ್ತದೆ, ತಪ್ಪಾಗಿ ಮೂಡಿದ ಅಕ್ಷರ ಸರಿಯಾಗುವುದಿಲ್ಲ. 'ಧನ'ದ ಸ್ಥಾನದಲ್ಲಿ ಬಂದು ಕುಳಿತ 'ದನ' ಯೂನಿಕೋಡ್‌ನಲ್ಲಿಯೂ 'ದನ'ವಾಗಿಯೇ ಉಳಿಯುತ್ತದೆ. ಕಳೆದ ದಶಕಗಳಲ್ಲಿ ನಮ್ಮ ವಿಭಾಗಗಳಲ್ಲಿ ಗಣಕಕ್ಕೇರಿದ ಪಾಠಗಳನ್ನು ಮರುಮುದ್ರಿಸುವ, ಅಂತರ್ಜಾಲಕ್ಕೆ ಏರಿಸುವ ಕಾರ್ಯ ಈಗ ಭರದಿಂದ ಸಾಗಿದೆ. ಅವುಗಳನ್ನು ಮೂಲದೊಂದಿಗೆ ಇನ್ನೊಮ್ಮೆ ತಾಳೆನೋಡದೆ ಬಳಸುವುದು ಅಪಾಯಕರ. ಸಂಪಾದಕರು ಹಸ್ತಪ್ರತಿಯ ವಿವರ, ಲಿಪಿಕಾರನ ಹೆಸರು, ಕಾಲಗಳನ್ನು ಪ್ರಸ್ತಾವನೆಯಲ್ಲಿ ಕೊಡುವಂತೆ, ಪಾಠವನ್ನು ಯಾವ ತಂತ್ರಾಂಶದಲ್ಲಿ, ಯಾವ ಕೀಲಿಮಣೆ ವಿನ್ಯಾಸದಲ್ಲಿ, ಯಾವ ವರ್ಷ ಬೆರಳಚ್ಚು ಮಾಡಲಾಯಿತು ಎಂಬುದನ್ನೂ ಎರಡು ಸಾಲುಗಳಲ್ಲಿ ದಾಖಲಿಸಿದರೆ ಮುಂದಿನವರಿಗೆ ದೋಷದ ಮೂಲವನ್ನು ಗುರುತಿಸಲು ಅನುಕೂಲವಾಗುತ್ತದೆ. ಓಲೆಗರಿಯ ಲಿಪಿಕಾರನ ಕೈತಪ್ಪುಗಳನ್ನು ಪರಿಶೀಲಿಸಿದ ಶ್ರದ್ಧೆಯಿಂದಲೇ ನಮ್ಮ ಕಾಲದ ಲಿಪಿಕಾರರ, ಅಂದರೆ ನಮ್ಮ ಮತ್ತು ನಮ್ಮ ಯಂತ್ರಗಳ, ಕೈತಪ್ಪುಗಳನ್ನೂ ಪರಿಶೀಲಿಸಬೇಕಾದ ಅಗತ್ಯವಿದೆ.